ರೂಮ್ ಆಮೇಲೆ, ಮೊದಲು ಏರಿಯಾ

ಹೋದ ಡಿಸೆಂಬರ್‌ನಲ್ಲಿ ನಾವು ಐದು ಜನ ಮುಂಬೈಗೆ ಹೋಗಿದ್ವಿ, ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ಗೆ. ಜೊತೆಗೆ ನಾಲ್ಕು ತಿಂಗಳು ಲ್ಯಾಬ್‌ನಲ್ಲಿ ಕೂತು ಮಾಡಿದ ರೋಬೋ, ಥರ್ಮಾಕೋಲ್ ತುಂಬಿದ ಡಬ್ಬದಲ್ಲಿ. ನಮ್ಮ ಸ್ಲಾಟ್ ಬೆಳಿಗ್ಗೆ 10ಕ್ಕೆ. ನಾವು ತಲುಪಿದ್ದು 10:25ಕ್ಕೆ. ಅಷ್ಟೊತ್ತಿಗೆ ನಮ್ಮ ಟೀಮಿನ ಹೆಸರು ಕೂಗಿ, ಮುಂದಿನ ಟೀಮನ್ನು ಕರೆದಾಗಿತ್ತು. ರೋಬೋ ಒಂದಿಂಚೂ ಓಡದೆ ಡಬ್ಬದಲ್ಲೇ ವಾಪಸ್ ಬಂತು. ಕೋಡ್ ಸರಿಯಿತ್ತು, ಮೋಟರ್ ಸರಿಯಿತ್ತು, ಬ್ಯಾಟರಿ ಫುಲ್ ಇತ್ತು. ರೂಮ್ ಮಾಡಿದ ಏರಿಯಾ ತಪ್ಪಾಗಿತ್ತು.

ರೂಮ್ ಹೇಗೆ ಹುಡುಕಿದ್ವಿ ಅಂತ ಹೇಳಿದ್ರೆ ನಿಮಗೂ ನಿಮ್ಮದೇ ಕಥೆ ಅನ್ಸುತ್ತೆ. ಆ್ಯಪ್ ತೆಗೆದು, ಊರಿನ ಹೆಸರು ಹಾಕಿ, ಕಡಿಮೆ ರೇಟಿನದ್ದು ಮೇಲೆ ಬರೋ ಹಾಗೆ ಮಾಡಿದ್ವಿ. ಕ್ಯಾಂಪಸ್ ಇರೋ ಪೊವೈನಲ್ಲಿ ಸಿಕ್ಕಿದ್ದೆಲ್ಲ ನಮ್ಮ ಬಜೆಟ್ ಮೀರಿತ್ತು. ಅಂಧೇರಿ ಪಶ್ಚಿಮದಲ್ಲಿ ಎರಡು ರೂಮ್ ಸಿಕ್ತು, ಒಂದೊಂದಕ್ಕೆ ದಿನಕ್ಕೆ 300 ರೂಪಾಯಿ ಉಳಿತಾಯ. ಮ್ಯಾಪ್‌ನಲ್ಲಿ ನೋಡಿದ್ರೆ ಹತ್ತು ಕಿಲೋಮೀಟರ್ ಒಳಗೇ ಇದೆ. ‘ಇಷ್ಟೇ ತಾನೇ’ ಅಂದ್ಕೊಂಡು ಬುಕ್ ಮಾಡಿ ಮಲಗಿದ್ವಿ.

ಆ ಹತ್ತು ಕಿಲೋಮೀಟರ್ ಹೋಗೋದು ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡ್ ಮೇಲೆ. ಪಶ್ಚಿಮದ ಉಪನಗರಗಳಿಂದ ಪೂರ್ವದ ಕಡೆಗೆ ದಾಟೋ ದೊಡ್ಡ ರಸ್ತೆ ಅದು. ಬೆಳಿಗ್ಗೆ ಆಫೀಸ್ ಟೈಮಿನಲ್ಲಿ ಅಲ್ಲಿ ಆಟೋ ಓಡಲ್ಲ, ತೆವಳುತ್ತೆ. ಒಂದು ಆಟೋದಲ್ಲಿ ಮೂರೇ ಜನ, ಹಾಗಾಗಿ ಎರಡು ಆಟೋ ಮಾಡಿದ್ವಿ. ಒಂದೊಂದಕ್ಕೆ ಸುಮಾರು 200 ರೂಪಾಯಿ ಆಯ್ತು. ಹೋಗಿ ಬಂದಿದ್ದಕ್ಕೆ 800. ಎರಡು ರೂಮಿನಿಂದ ಉಳಿಸಿದ್ದು 600. ಉಳಿತಾಯ ಮಾಡೋಕೆ ಹೋಗಿ 200 ರೂಪಾಯಿ ಕಳ್ಕೊಂಡ್ವಿ, ಮೇಲೆ ಸ್ಲಾಟೂ ಹೋಯ್ತು.

ಮೂರನೇ ದಿನ ನಮ್ಮಲ್ಲೊಬ್ಬನ ಚಿಕ್ಕಪ್ಪ ಊಟಕ್ಕೆ ಮಾಟುಂಗಕ್ಕೆ ಕರೆದ್ರು. ಉಡುಪಿ ಕಡೆಯವರು, ಮುಂಬೈಯಲ್ಲೇ ಮೂವತ್ತು ವರ್ಷ ಕಳೆದವರು. ಮಾಟುಂಗ ಅಂದ್ರೆ ಮೈಸೂರು ಅಸೋಸಿಯೇಷನ್ ಇರೋ ಜಾಗ, ಸ್ಟೇಷನ್ ಪಕ್ಕದಲ್ಲೇ ರಾಮ ನಾಯಕ್ ಅವರ ಹಳೇ ಉಡುಪಿ ಊಟದ ಮನೆ. ಬಾಳೆ ಎಲೆ ಮುಂದೆ ಕೂತು ನಮ್ಮ ಗೋಳು ಹೇಳ್ಕೊಂಡಾಗ ಅವರು ಸಾರು ಕಲಸ್ಕೊಳ್ತಾ ಹೇಳಿದ್ರು: “ಮುಂಬೈಯಲ್ಲಿ ಎಷ್ಟು ಕಿಲೋಮೀಟರ್ ಅಂತ ಕೇಳ್ಬಾರ್ದು ಮಾರಾಯ್ರೆ, ಯಾವ ಲೈನ್ ಅಂತ ಕೇಳ್ಬೇಕು.”

ಲೆಕ್ಕ ಹಾಕಿದ್ರೆ ಅವರ ಮಾತು ಪೂರ್ತಿ ನಿಜ. ಲೋಕಲ್ ರೈಲಿನಲ್ಲಿ ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಅಂತ ಮುಖ್ಯವಾದ ಲೈನುಗಳಿವೆ. ಅಂಧೇರಿ ಇರೋದು ವೆಸ್ಟರ್ನ್‌ನಲ್ಲಿ. ಐಐಟಿಗೆ ಹತ್ತಿರದ ಕಾಂಜೂರ್‌ಮಾರ್ಗ್ ಸ್ಟೇಷನ್ ಸೆಂಟ್ರಲ್‌ನಲ್ಲಿ. ಮಾಟುಂಗವೂ ಸೆಂಟ್ರಲ್. ಅಲ್ಲಿ ಸ್ಲೋ ಲೋಕಲ್ ಹತ್ತಿದ್ರೆ ಸಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್, ವಿಕ್ರೋಲಿ, ಆಮೇಲೆ ಕಾಂಜೂರ್‌ಮಾರ್ಗ್. ರೈಲು ಬದಲಿಸೋ ಹಾಗಿಲ್ಲ, ಸಿಗ್ನಲ್‌ನಲ್ಲಿ ಕಾಯೋ ಹಾಗಿಲ್ಲ. ಬೆಳಿಗ್ಗೆ ಜನಸಾಗರ ಹರಿಯೋದು ದಕ್ಷಿಣಕ್ಕೆ, ಸಿಎಸ್‌ಎಂಟಿ ಕಡೆಗೆ. ನಾವು ಹೋಗಬೇಕಾಗಿದ್ದು ಉತ್ತರಕ್ಕೆ, ಅಂದ್ರೆ ರಶ್‌ಗೆ ಉಲ್ಟಾ. ಡಬ್ಬ ಇಟ್ಕೊಂಡು ಆರಾಮಾಗಿ ಹೋಗಬಹುದಿತ್ತು. ಮ್ಯಾಪ್‌ನಲ್ಲಿ ಅಂಧೇರಿಗಿಂತ ದೂರ ಕಾಣೋ ಮಾಟುಂಗವೇ ನಮಗೆ ಹತ್ತಿರ ಆಗಿತ್ತು. ಹೊಟ್ಟೆ ಉರಿದಿದ್ದು ಏನಕ್ಕೆ ಅಂದ್ರೆ, ನಾವು ಊರಿಂದ ಬಂದು ಇಳಿದಿದ್ದೇ ದಾದರ್‌ನಲ್ಲಿ. ಅಲ್ಲಿಂದ ಮಾಟುಂಗ ಒಂದೇ ಸ್ಟೇಷನ್.

ಇಷ್ಟಾದ್ರೆ ಇದು ಟ್ರಾಫಿಕ್ ಪಾಠ ಅಂತ ಬಿಡಬಹುದಿತ್ತು. ಆದ್ರೆ ನಮ್ಮ ಐವರಲ್ಲಿ ಇಬ್ಬರು ಹುಡುಗಿಯರು. ಬುಕ್ ಮಾಡೋ ದಿನ ಅವರು ವಾಟ್ಸಾಪ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ ಕೇಳಿದ್ರು: “ಮೇನ್ ರೋಡಿಂದ ಹೋಟೆಲ್‌ವರೆಗೂ ರಾತ್ರಿ ನಡೆಯೋಕೆ ಹೇಗಿದೆ?” ಉತ್ತರವಾಗಿ ಒಂದು ಹೆಬ್ಬೆರಳಿನ ಎಮೋಜಿ ಹೋಯ್ತು. ಯಾರೂ ನೋಡಿರಲಿಲ್ಲ. ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು, ಕೊನೆಯ ಗಲ್ಲಿಯಲ್ಲಿ ದೀಪ ಇಲ್ಲ, ಅಂಗಡಿ ಒಂಬತ್ತಕ್ಕೇ ಬಾಗಿಲು. ಮೊದಲ ರಾತ್ರಿ ಆ ಗಲ್ಲಿಯಲ್ಲಿ ಯಾರೋ ಇಬ್ಬರು ಹಿಂದೆ ಹಿಂದೆ ಬಂದ್ರು. ಮರುದಿನ ಕ್ಯಾಂಪಸ್‌ನಲ್ಲಿ ರಾತ್ರಿಯ ಶೋ ಇತ್ತು. ನಾವೆಲ್ಲ ತಿಂಗಳಿಂದ ಕಾದಿದ್ದ ಶೋ. ಅವರಿಬ್ಬರೂ ಸಂಜೆ ಆರಕ್ಕೇ ರೂಮಿಗೆ ಹೊರಟುಬಿಟ್ರು. ಉಳಿದ ಮೂವರು ಶೋ ನೋಡಿ ಬಂದ್ರು. 300 ರೂಪಾಯಿ ಉಳಿಸಿದ ಖುಷಿ ಐವರದ್ದು, ಅದರ ಬೆಲೆ ಕಟ್ಟಿದ್ದು ಇಬ್ಬರೇ. ಇದನ್ನ ಬರೆಯೋಕೆ ನಮಗೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದ್ದೀವಿ.

“ಮಲಗೋಕೆ ತಾನೇ, ಎಲ್ಲಾದ್ರೂ ನಡೆಯುತ್ತೆ” ಅನ್ನೋರು ನಮ್ಮ ಹಾಸ್ಟೆಲ್‌ನಲ್ಲಿ ತುಂಬಾ ಜನ ಇದ್ದಾರೆ. ನಾವೂ ಹಾಗೇ ಅಂದಿದ್ವಿ. ಆದ್ರೆ ರೂಮಿನಲ್ಲಿ ನಾವು ಇರೋದು ಏಳು ಗಂಟೆ, ಅದೂ ಕಣ್ಣು ಮುಚ್ಕೊಂಡು. ಉಳಿದ ಹದಿನೇಳು ಗಂಟೆ ಇರೋದು ಆ ಏರಿಯಾದ ರಸ್ತೆಯಲ್ಲಿ, ಸ್ಟೇಷನ್‌ನಲ್ಲಿ, ಊಟದ ಅಂಗಡಿಯಲ್ಲಿ. ಹಾಗಿದ್ದೂ ರೂಮಿನ ಫೋಟೋ ಹತ್ತು ಸಲ ನೋಡ್ತೀವಿ, ಏರಿಯಾದ ಹೆಸರು ಒಂದು ಸಲವೂ ಸರಿಯಾಗಿ ಓದಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ವ್ಯೂ ಇಟ್ಕೊಂಡು ಯಲಹಂಕದಲ್ಲಿ ರೂಮ್ ಮಾಡಿದವರನ್ನ ನೋಡಿ ನಾವೇ ನಕ್ಕಿದ್ದೀವಿ. ಮುಂಬೈಯಲ್ಲಿ ನಗೋ ಸರದಿ ಬೇರೆಯವರದ್ದಾಯ್ತು.

ನಮ್ಮ ಅಭಿಪ್ರಾಯ ಇಷ್ಟೇ. ಮೊದಲು ಕೆಲಸ ಇರೋ ಜಾಗದ ಹತ್ತಿರದ ಸ್ಟೇಷನ್ ಯಾವುದು, ಯಾವ ಲೈನ್ ಅಂತ ಹುಡುಕಿ, ಅದೇ ಲೈನಿನಲ್ಲಿ ರೂಮ್ ನೋಡಿ. ನೀವು ಹೋಗಬೇಕಾದ ದಿನ, ಅದೇ ಗಂಟೆಗೆ ಎಷ್ಟು ಹೊತ್ತು ಆಗುತ್ತೆ ಅಂತ ಮ್ಯಾಪ್‌ನಲ್ಲಿ ಹಾಕಿ ನೋಡಿ. ರಾತ್ರಿ 11ಕ್ಕೆ ಬುಕ್ ಮಾಡ್ತಾ ನೋಡಿದ್ರೆ ಎಲ್ಲ ರಸ್ತೆಯೂ ಖಾಲಿ. ಭಾನುವಾರ ಆದ್ರೆ ಲೋಕಲ್‌ಗೆ ಮೆಗಾ ಬ್ಲಾಕ್ ಇದೆಯಾ ಅಂತಲೂ ನೋಡ್ಕೊಳ್ಳಿ. ಕೊನೆಗೆ, ಟೀಮಿನಲ್ಲಿ ಯಾರಿಗೆ ಆ ಏರಿಯಾ ಎಲ್ಲರಿಗಿಂತ ಕಷ್ಟ ಆಗುತ್ತೋ, ಅವರು ‘ಸರಿ’ ಅಂದ್ಮೇಲೇ ದುಡ್ಡು ಕಟ್ಟಿ.

ಇನ್ನೊಂದು ಮಾತು, ನಮ್ಮ ಕಾಲೇಜಿನ ಫೆಸ್ಟ್ ಕಮಿಟಿಗೆ. ಹೊರಗಿಂದ ಬರೋ ಟೀಮುಗಳಿಗೆ ನಾವು ಕೊಡೋ ಹೋಟೆಲ್ ಪಟ್ಟಿಯಲ್ಲಿ ಇರೋದು ಹೆಸರು, ರೇಟು ಎರಡೇ. ಯಾವ ಬಸ್ ಸ್ಟಾಪ್, ಕೊನೆಯ ಬಸ್ ಎಷ್ಟೊತ್ತಿಗೆ, ಗಲ್ಲಿಯಲ್ಲಿ ದೀಪ ಇದೆಯಾ ಅನ್ನೋ ಮೂರು ಕಾಲಮ್ ಈ ವರ್ಷ ಸೇರಿಸೋಣ. ಸಂಜೆ ಒಂದು ರೌಂಡ್ ನಡೆದು ನೋಡಿ ಬರೋಕೆ ನಾವು ಐದೂ ಜನ ರೆಡಿ.