ಅಳಿಸುವುದಕ್ಕೆ ಮುನ್ನ ಅಳೆಯಿರಿ

ಮನೆಯ ಗಣಕಯಂತ್ರವು ಕೆಲಸದ ನಡುವೆ ಹಠಾತ್ತನೆ ನಿಂತುಹೋಗುವುದೂ, ಮರಳಿ ಗುಂಡಿಯನ್ನೊತ್ತಿದರೆ ಕರಿಯ ಪರದೆಯನ್ನಷ್ಟೇ ತೋರಿಸುವುದೂ ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಅನುಭವವಲ್ಲ. ಆಗ ನಾವು ಮಾಡುವುದೇನು? ಯಂತ್ರವನ್ನು ಅಂಗಡಿಗೆ ಹೊರಿಸುತ್ತೇವೆ. ಅಲ್ಲಿ ಅದಕ್ಕೆ ‘ಫಾರ್ಮ್ಯಾಟ್’ ಎಂಬ ಚಿಕಿತ್ಸೆಯಾಗುತ್ತದೆ. ರೋಗ ಯಾವುದಾದರೂ ಔಷಧವೊಂದೇ! ಈ ಪದ್ಧತಿಯು ಅವೈಜ್ಞಾನಿಕವಾದುದೆಂದೂ, ಅನೇಕ ವೇಳೆ ಹಾನಿಕರವಾದುದೆಂದೂ ನನ್ನ ಅಭಿಪ್ರಾಯ.

ಕಲಬುರಗಿಯ ಜಗತ್ ಬಡಾವಣೆಯ ನಮ್ಮ ಮನೆಯಲ್ಲಿ ನಡೆದ ಸಂಗತಿಯೇ ಈ ಅಭಿಪ್ರಾಯಕ್ಕೆ ಮೂಲ. ಕಮಲಾಪುರದಲ್ಲಿರುವ ನನ್ನ ಅಣ್ಣನ ಮಗಳು ನಮ್ಮಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಾಳೆ. ತನ್ನೂರಿನ ಹೆಸರಾದ ಕೆಂಪು ಬಾಳೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ಭಾನುವಾರಗಳಂದು ತೋಟಕ್ಕೆ ಹೋಗಿ, ಗಿಡಗಳ ಎತ್ತರವನ್ನೂ ಎಲೆಗಳ ಉದ್ದಗಲಗಳನ್ನೂ ಅಳೆದು, ಎಂಟು ತಿಂಗಳ ಅಂಕಿಗಳನ್ನು ಯಂತ್ರದಲ್ಲಿ ತುಂಬಿದ್ದಳು. ಕಳೆದ ಮೇ ತಿಂಗಳಲ್ಲಿ ಯಂತ್ರವು ದಿನಕ್ಕೆರಡು ಸಲ ನಿಲ್ಲತೊಡಗಿತು. ಅಂಗಡಿಯ ತರುಣನು, “ಫಾರ್ಮ್ಯಾಟ್ ಹೊಡದ್ರ ಎಲ್ಲಾ ಸರಿ ಆಗ್ತದ್ರಿ ಸರ್” ಎಂದನು. ನಾನು ತಲೆಯಾಡಿಸಿದೆ. ಮರುದಿನ ಯಂತ್ರವು ಮನೆಗೆ ಬಂದಿತು, ಅಂಕಿಗಳು ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಯಂತ್ರವು ಎಂದಿನಂತೆಯೇ ನಿಂತಿತು! ತರುಣನನ್ನು ದೂರಿ ಫಲವಿಲ್ಲ. ಒಳಗೇನಿದೆಯೆಂದು ಆ ಹುಡುಗಿಯನ್ನು ಕೇಳದೆ ತಲೆಯಾಡಿಸಿದವನು ನಾನು.

ಬುದ್ಧಿ ಬಂದುದು ಆಮೇಲೆ. ಯಂತ್ರವು ಯಾವ ಗಳಿಗೆಯಲ್ಲಿ, ಯಾವ ಕೆಲಸ ನಡೆದಿರುವಾಗ ನಿಲ್ಲುತ್ತದೆಂಬುದನ್ನು ಒಂದು ವಾರ ಬರೆದಿಟ್ಟೆವು. ಎಲ್ಲವೂ ಮಧ್ಯಾಹ್ನ ಎರಡರಿಂದ ಐದರೊಳಗೆ. ಬೆಳಗಿನ ಜಾವದಲ್ಲಿ ಒಮ್ಮೆಯೂ ಇಲ್ಲ. ಸಂಶಯಕ್ಕೆ ಎರಡು ಕಾರಣಗಳುಳಿದುವು. ಓಣಿಯ ಕೂಲರುಗಳೆಲ್ಲ ಏಕಕಾಲಕ್ಕೆ ತಿರುಗುವಾಗ ವಿದ್ಯುತ್ತಿನ ವೋಲ್ಟೇಜು ಕುಸಿಯುವುದು ಒಂದು, ಉಷ್ಣ ಇನ್ನೊಂದು. ಯಂತ್ರವು ನಿಂತಾಗ ಕೋಣೆಯ ದೀಪವು ಮಂಕಾಗಿರಲಿಲ್ಲ. ಆದುದರಿಂದ ಎರಡನೆಯದನ್ನೇ ಮೊದಲು ಪರೀಕ್ಷಿಸಿದೆವು. ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನು ತೆಗೆದು, ಮೇಜಿನ ಫ್ಯಾನನ್ನು ಅದರತ್ತ ತಿರುಗಿಸಿ, ಬೇರೇನನ್ನೂ ಬದಲಿಸದೆ, ಅದೇ ಕೆಲಸವನ್ನು ಅದೇ ವೇಳೆಯಲ್ಲಿ ಮಾಡಿದೆವು. ಅಂದು ಯಂತ್ರವು ಸಂಜೆಯವರೆಗೂ ನಿಲ್ಲಲಿಲ್ಲ.

ಇದರ ಮರ್ಮವು ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದೆ. ಉಷ್ಣವು ಹರಿಯುವ ವೇಗವು ಎರಡು ಉಷ್ಣತೆಗಳ ಅಂತರವನ್ನು ಅವಲಂಬಿಸಿದೆ. ಗಣಕದ ಮಿದುಳೆನಿಸಿದ ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುವುದು. ಕಾವು ಇನ್ನೂ ಏರಿದರೆ, ಸುಟ್ಟುಹೋಗದಂತೆ ಯಂತ್ರವು ತಾನಾಗಿಯೇ ನಿಲ್ಲುವುದು. ಕೋಣೆಯು 25 ಡಿಗ್ರಿಯಲ್ಲಿದ್ದರೆ ಅಂತರವು 75. ನಮ್ಮೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ 58 ಮಾತ್ರ. ಅಂದರೆ ಅದೇ ಫ್ಯಾನು ಸುಮಾರು ಮುಕ್ಕಾಲು ಪಾಲು ಉಷ್ಣವನ್ನಷ್ಟೇ ಹೊರದೂಡಬಲ್ಲುದು. ಅದರ ಮೇಲೆ ಧೂಳು ಬೇರೆ. ಪ್ರೊಸೆಸರಿನ ಮೇಲಿರುವ ಲೋಹದ ರೆಕ್ಕೆಗಳ ನಡುವೆ, ಕಪ್ಪು ಮಣ್ಣಿನ ನಾಡಿನ ನಯವಾದ ಧೂಳು ಕೂಲರಿನ ತೇವದೊಡನೆ ಸೇರಿ, ಕಂಬಳಿಯಂತೆ ಹೆಪ್ಪುಗಟ್ಟಿತ್ತು. ತಂಪಾಗಲೆಂದು ಯಂತ್ರವನ್ನು ಕೂಲರಿನ ಪಕ್ಕದಲ್ಲಿ ಇರಿಸಿದ್ದವನೂ ನಾನೇ.

ಕುಂಚದಿಂದ ಧೂಳನ್ನೆಲ್ಲ ತೆಗೆದು ಹೆಮ್ಮೆಯಿಂದ ಗುಂಡಿಯನ್ನೊತ್ತಿದರೆ, ಪರದೆ ಕತ್ತಲೆ! ಒಳಗಿನಿಂದ ‘ಬೀಪ್, ಬೀಪ್’ ಎಂಬ ಕೂಗು. ಗಣಕವು ಏಳುವಾಗ ಮೊದಲು ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ; ಪರದೆಯ ಮೇಲೆ ಬರೆಯಲಾಗದಷ್ಟು ಮೂಲಭೂತವಾದ ದೋಷವಿದ್ದರೆ, ಅನೇಕ ಯಂತ್ರಗಳು ಹೀಗೆ ಧ್ವನಿಯಿಂದ ತಿಳಿಸುವುವು. ಎಷ್ಟು ಕೂಗಿಗೆ ಏನರ್ಥವೆಂಬುದು ತಯಾರಕರ ಕೈಪಿಡಿಯಲ್ಲಿರುತ್ತದೆ. ನಮ್ಮ ಯಂತ್ರವು ಹೇಳಿದ್ದು: ‘ಸ್ಮೃತಿ ಕಾಣುತ್ತಿಲ್ಲ.’ ಕೊನೆಗೆ ನಾವು ಮುಟ್ಟಿದುದೇನು? ಕುಂಚದ ತಾಡನದಿಂದ ‘ರ‍್ಯಾಮ್’ ಪಟ್ಟಿಯು ಸಡಿಲವಾಗಿತ್ತು. ಅದನ್ನು ತೆಗೆದು, ಅಂಚಿನ ಹೊಂಬಣ್ಣದ ಭಾಗವನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಒರೆಸಿ, ಎರಡೂ ಕಡೆಯ ಕೊಂಡಿಗಳು ‘ಟಕ್’ ಎನ್ನುವಂತೆ ಒತ್ತಿ ಕೂರಿಸಿದೊಡನೆ ಯಂತ್ರವು ಎದ್ದಿತು.

ಇಲ್ಲೊಂದು ಎಚ್ಚರಿಕೆಯ ಮಾತು. ಪೆಟ್ಟಿಗೆಯನ್ನು ತೆರೆಯುವ ಮುನ್ನ ಪ್ಲಗ್ಗನ್ನು ಕಿತ್ತಿರಬೇಕು. ‘ಎಸ್‌ಎಂಪಿಎಸ್’ ಎಂಬ ಒಳಗಿನ ವಿದ್ಯುತ್ ಪೆಟ್ಟಿಗೆಯನ್ನಂತೂ ಬಿಚ್ಚಲೇಕೂಡದು. ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರವು ಸುಮಾರು 325 ವೋಲ್ಟು. ಪ್ಲಗ್ಗು ಕಿತ್ತ ಮೇಲೂ ಅಲ್ಲಿನ ಕೆಪ್ಯಾಸಿಟರುಗಳು ಅದನ್ನು ಕೆಲಕಾಲ ಹಿಡಿದಿಟ್ಟಿರಬಹುದು.

ಫಾರ್ಮ್ಯಾಟ್ ಎಂದಿಗೂ ಬೇಡವೆಂದು ನಾನು ಹೇಳುವುದಿಲ್ಲ. ತಂತ್ರಾಂಶವೇ ಕೆಟ್ಟಿರುವ ಸಂದರ್ಭಗಳೂ ಉಂಟು. ಆದರೆ ಅಲ್ಲಿಯೂ ಅದು ಕಡೆಯ ಉಪಾಯವಾಗಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಯುಕ್ತ ಕಡತವೊಂದರಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕೆಟ್ಟುನಿಂತುವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ತಜ್ಞರು ಆ ಯಂತ್ರಗಳನ್ನೆಲ್ಲ ಅಳಿಸಿಹಾಕಿದರೆ? ಇಲ್ಲ. ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ತೆಗೆದುಹಾಕುವುದೇ ಅವರು ಸೂಚಿಸಿದ ಪರಿಹಾರವಾಗಿತ್ತು. ಯಂತ್ರವು ಏಳದಿದ್ದರೂ, ಅದರ ಡಿಸ್ಕನ್ನು ಬಿಚ್ಚಿ ಬೇರೊಂದು ಗಣಕಕ್ಕೆ ಜೋಡಿಸಿ, ಕಡತಗಳನ್ನು ನಕಲು ಮಾಡಿಕೊಳ್ಳುವುದು ಬಹಳ ಸಲ ಸಾಧ್ಯವಿದೆ. ಇಷ್ಟನ್ನಾದರೂ ನಾನು ಆ ದಿನ ಕೇಳಬಹುದಾಗಿತ್ತು.

ನಮ್ಮ ಕಾಲೇಜುಗಳು ಗುಜರಿಗೆ ಹಾಕುವ ಹಳೆಯ ಗಣಕಗಳಲ್ಲಿ ಒಂದೆರಡನ್ನು ಭೌತಶಾಸ್ತ್ರದ ಪ್ರಯೋಗಶಾಲೆಗೆ ಏಕೆ ಕೊಡಬಾರದು? ಅಧ್ಯಾಪಕರು ಒಂದು ತಂತಿಯನ್ನು ಸಡಿಲಿಸಿಟ್ಟು ದೋಷವನ್ನು ಹುಡುಕಿರೆಂದರೆ, ಲೋಲಕದ ಪ್ರಯೋಗಕ್ಕಿಂತ ಹೆಚ್ಚಿನ ಉತ್ಸಾಹದಿಂದ ವಿದ್ಯಾರ್ಥಿಗಳು ಸೇರುವರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಕಮಲಾಪುರದ ಆ ಬಾಳೆಗಿಡಗಳು ಅಷ್ಟರಲ್ಲಿ ಬೆಳೆದುಬಿಟ್ಟಿದ್ದುವು. ಕಳೆದ ಎಂಟು ತಿಂಗಳ ಎಲೆಗಳನ್ನು ಮತ್ತೆ ಅಳೆಯುವಂತಿರಲಿಲ್ಲ. ಅಣ್ಣನ ಮಗಳು ಹೊಸ ಕಂದುಗಳೊಡನೆ ಮೊದಲಿನಿಂದ ಆರಂಭಿಸಿದ್ದಾಳೆ. ಈ ಸಲ ಅಂಕಿಗಳನ್ನು ತೋಟದಲ್ಲಿಯೇ ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಆ ಪುಸ್ತಕವನ್ನು ನನ್ನ ಕೈಗೆ ಮಾತ್ರ ಕೊಡುವುದಿಲ್ಲ.