ಖಾಲಿ ಮನೆಗಳಿಂದ ಶುರುವಾಗಲಿ ಆವರ್ತ ಕೋಷ್ಟಕದ ಪಾಠ

2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯಭಾರ ಇಳಿಸಲು ಹೊರಟಾಗ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಒಂದು ಇಡೀ ಅಧ್ಯಾಯ ಹೊರಬಿತ್ತು. ಅದು ಧಾತುಗಳ ಆವರ್ತನೀಯ ವರ್ಗೀಕರಣ. ಕೋವಿಡ್‌ನಿಂದ ಬಳಲಿದ ಮಕ್ಕಳ ಹೊರೆ ಕಡಿಮೆಯಾಗಲಿ ಎಂಬುದು ಆಗ ಕೊಟ್ಟ ಕಾರಣ, ಹನ್ನೊಂದನೇ ತರಗತಿಯಲ್ಲಿ ಈ ಪಾಠ ಹೇಗೂ ಇದೆಯಲ್ಲ ಎಂಬುದು ಹೇಳಿದ ಸಮಾಧಾನ. ಹನ್ನೊಂದನೇ ತರಗತಿ ಎಂದರೆ ನಮ್ಮಲ್ಲಿ ಮೊದಲ ಪಿಯುಸಿ. ಅಲ್ಲಿ ರಸಾಯನಶಾಸ್ತ್ರ ಓದುವವರು ವಿಜ್ಞಾನ ವಿಭಾಗಕ್ಕೆ ಸೇರಿದವರು ಮಾತ್ರ. ಕಲಾ ವಿಭಾಗಕ್ಕೋ ವಾಣಿಜ್ಯಕ್ಕೋ ಹೋಗುವ ಹುಡುಗ ಹುಡುಗಿಯರಿಗೆ ರಸಾಯನಶಾಸ್ತ್ರ ಎಸ್‌ಎಸ್‌ಎಲ್‌ಸಿಗೇ ಮುಗಿಯುತ್ತದೆ. ಜಗತ್ತಿನ ಸಮಸ್ತ ವಸ್ತುಗಳೂ ಯಾವುದರಿಂದ ಆಗಿವೆಯೋ ಅದರ ಪಟ್ಟಿಯನ್ನು ಅರ್ಥಮಾಡಿಕೊಳ್ಳದೆಯೇ ಅವರು ಶಾಲೆ ಬಿಡಬೇಕಾಗುತ್ತದೆ. ಇದು ಸರಿಯಲ್ಲ.

ಆದರೆ ಅಧ್ಯಾಯ ವಾಪಸು ಬಂದುಬಿಟ್ಟರೆ ಸಾಕು ಎಂದೂ ನಾನು ಹೇಳಲಾರೆ. ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ ಎಂದು ಮೊದಲ ಇಪ್ಪತ್ತು ಧಾತುಗಳನ್ನು ಉರು ಹೊಡೆಸುವುದು, ಗೋಡೆಯ ಮೇಲೆ 118 ಮನೆಗಳ ಬಣ್ಣದ ಚಾರ್ಟ್ ತೂಗುಹಾಕುವುದು, ಮೆಂಡಲೀವನ ನಿಯಮವನ್ನು ಎರಡು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿಸುವುದು: ಪಾಠ ಇಷ್ಟೇ ಆಗಿದ್ದರೆ ಅದನ್ನು ಕೈಬಿಟ್ಟಿದ್ದಕ್ಕೆ ಮರುಗಬೇಕಾದ ಕಾರಣವೂ ಹೆಚ್ಚಿಲ್ಲ. ತಾನು ಕಂಡೇ ಇರದ ವಸ್ತುವಿನ ಗುಣವನ್ನು ಲೆಕ್ಕ ಹಾಕಿ ಹೇಳಬಹುದು ಎಂಬುದನ್ನು ಮಗುವಿಗೆ ಇಷ್ಟು ಸುಲಭವಾಗಿ ತೋರಿಸಿಕೊಡುವ ಪಾಠ ಶಾಲೆಯ ವಿಜ್ಞಾನದಲ್ಲಿ ಇನ್ನೊಂದಿಲ್ಲ. ಆ ಅನುಭವ ಸಿಗಬೇಕಾದರೆ ತುಂಬಿದ ಚಾರ್ಟನ್ನು ಕೊನೆಗೆ ತೋರಿಸಬೇಕು. ಪಾಠ ಶುರುವಾಗಬೇಕಾದದ್ದು ಖಾಲಿ ಮನೆಗಳಿಂದ.

ಆ ಕೋಷ್ಟಕ ಹುಟ್ಟಿದ್ದೂ ಹಾಗೆಯೇ, ಒಬ್ಬ ಮೇಷ್ಟರ ಕಷ್ಟದಿಂದ. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡ್ಮಿಟ್ರಿ ಮೆಂಡಲೀವ್ 1868ರ ಹೊತ್ತಿಗೆ ತನ್ನ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುತ್ತಿದ್ದ. ಆಗ ಗೊತ್ತಿದ್ದ ಧಾತುಗಳು 63. ಮೊದಲ ಸಂಪುಟ ಮುಗಿಯುವಾಗ ಅವನು ವಿವರಿಸಿದ್ದು ಬರೀ ಎಂಟನ್ನು: ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕಾರ್ಬನ್, ಮತ್ತೆ ಕ್ಲೋರಿನ್ನಿನ ಬಳಗದ ನಾಲ್ಕು. ಉಳಿದ 55 ಧಾತುಗಳು ಎರಡನೇ ಸಂಪುಟದಲ್ಲಿ ಹಿಡಿಯಬೇಕು. ಹೇಗೆ? ಸೋಡಿಯಂ, ಪೊಟ್ಯಾಸಿಯಂ ಬಳಗದಿಂದ ಶುರುಮಾಡಿದ. ಅದರ ಮುಂದೆ ಯಾವುದು ಎಂದು ಯೋಚಿಸುತ್ತ ಪರಮಾಣು ತೂಕಗಳನ್ನು ಪಕ್ಕಪಕ್ಕ ಬರೆದು ನೋಡಿದ. ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಗುಣದಲ್ಲಿ ಎಣ್ಣೆ ಸೀಗೆಕಾಯಿಯಂತಿದ್ದ ಎರಡು ಬಳಗಗಳು ತೂಕದ ಸಾಲಿನಲ್ಲಿ ಪ್ರತಿ ಸಲವೂ ಅಕ್ಕಪಕ್ಕದಲ್ಲೇ ಬಂದು ಕೂತಿದ್ದವು. 1869ರ ಮಾರ್ಚ್‌ನಲ್ಲಿ ಅವನ ಕೋಷ್ಟಕ ರಷ್ಯಾದ ರಸಾಯನಶಾಸ್ತ್ರ ಸಂಘದ ಮುಂದೆ ಬಂತು. ಎಲೆಕ್ಟ್ರಾನ್ ಪತ್ತೆಯಾಗುವುದಕ್ಕೆ ಇನ್ನೂ 28 ವರ್ಷ ಬಾಕಿ ಇತ್ತು.

ಇದಕ್ಕೂ 40 ವರ್ಷ ಹಿಂದೆ ಜರ್ಮನಿಯ ಡೊಬರೈನರ್ ಮೂರು ಮೂರು ಧಾತುಗಳ ಗುಂಪು ಮಾಡಿದ್ದ. ಈ ತ್ರಿವಳಿಗಳನ್ನು ಹಳೆಯ ಇತಿಹಾಸವೆಂದು ಒಂದು ಸಾಲಿನಲ್ಲಿ ದಾಟಿಸುವ ಶಿಕ್ಷಕರೇ ಹೆಚ್ಚು. ಎಂಟನೇ ತರಗತಿಯ ಮಗು ಸ್ವಂತ ಕೈಯಿಂದ ಮಾಡಿನೋಡಬಹುದಾದ ಲೆಕ್ಕ ಇಲ್ಲೇ ಇದೆ. ಲಿಥಿಯಂ 7, ಪೊಟ್ಯಾಸಿಯಂ 39. ಕೂಡಿಸಿ ಎರಡರಿಂದ ಭಾಗಿಸಿದರೆ 23, ಅಂದರೆ ನಡುವೆ ಕೂರುವ ಸೋಡಿಯಂ ತೂಕ. ಈ ಉತ್ತರ ಬಂದಾಗ ತರಗತಿಯಲ್ಲಿ ಯಾರಾದರೂ ಒಬ್ಬರು ‘ಯಾಕೆ ಹೀಗೆ?’ ಎಂದು ಕೇಳಿದರೆ ಪಾಠ ಗೆದ್ದಂತೆ.

‘ಆವರ್ತ’ ಎಂದರೇನು ಎಂಬುದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ತಾರೀಕು ಮುಂದೆ ಮುಂದೆ ಹೋಗುತ್ತದೆ, ವಾರ ಮಾತ್ರ ಮತ್ತೆ ಮತ್ತೆ ಬರುತ್ತದೆ. ಒಂದು ಸಾಲು ಮುಗಿಸಿ ಕೆಳಗಿಳಿದಾಗ ಸೋಮವಾರದ ಕೆಳಗೆ ಸೋಮವಾರವೇ ಇರುತ್ತದೆ. ಧಾತುಗಳ ತೂಕವೂ ಹೀಗೆ ಏರುತ್ತ ಹೋದಂತೆ ಗುಣಗಳು ಮರಳಿ ಬರುತ್ತವೆ. ಹೋಲಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ವಾರಕ್ಕೆ ಯಾವಾಗಲೂ ಏಳೇ ದಿನ. ಇಲ್ಲಿಯ ಅಡ್ಡಸಾಲುಗಳು ಮಾತ್ರ 2, 8, 8, 18, 18, 32, 32 ಎಂದು ಹಿಗ್ಗುತ್ತವೆ.

ಇನ್ನು ತರಗತಿಯಲ್ಲಿ ಮಾಡಬೇಕಾದದ್ದು. ರಟ್ಟಿನ ಇಪ್ಪತ್ತು ಇಪ್ಪತ್ತೈದು ಚೀಟಿಗಳು ಸಾಕು. ಒಂದೊಂದರ ಮೇಲೆ ಒಂದು ಧಾತುವಿನ ಪರಮಾಣು ತೂಕ, ಅದು ಘನವೋ ದ್ರವವೋ ಅನಿಲವೋ, ಬಣ್ಣ, ನೀರಿನೊಂದಿಗೆ ಹೇಗೆ ವರ್ತಿಸುತ್ತದೆ, ಹೈಡ್ರೋಜನ್ ಅಥವಾ ಕ್ಲೋರಿನ್ ಜೊತೆ ಯಾವ ಲೆಕ್ಕದಲ್ಲಿ ಕೂಡುತ್ತದೆ ಎಂದಷ್ಟೇ ಬರೆಯಿರಿ. ಹೆಸರು ಬೇಡ. ಹೀಲಿಯಂ, ನಿಯಾನ್, ಆರ್ಗಾನ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಮೆಂಡಲೀವನ ಬಳಿಯೂ ಅವು ಇರಲಿಲ್ಲ. ಆಮೇಲೆ, ಯಾರಿಗೂ ಹೇಳದೆ, ಬ್ರೋಮಿನ್ನಿನ ಚೀಟಿಯನ್ನು ಕಿಸೆಗೆ ಹಾಕಿಕೊಳ್ಳಿ. ಗುಂಪು ಗುಂಪಾಗಿ ಕೂತ ಮಕ್ಕಳು ತೂಕದ ಕ್ರಮದಲ್ಲಿ ಚೀಟಿ ಹರಡುತ್ತಾರೆ, ಒಂದೇ ಗುಣದವು ಒಂದರ ಕೆಳಗೊಂದು ಬರುವಂತೆ ಸಾಲು ಮುರಿಯುತ್ತಾರೆ. ಜಗಳವೂ ಆಗುತ್ತದೆ, ಆಗಲಿ. ಕೊನೆಗೆ ಸೋಡಿಯಂ ಹಿಂದೆ ಫ್ಲೋರಿನ್, ಪೊಟ್ಯಾಸಿಯಂ ಹಿಂದೆ ಕ್ಲೋರಿನ್, ಸೀಸಿಯಂ ಹಿಂದೆ ಅಯೋಡಿನ್ ಬಂದು ಕೂರುತ್ತದೆ. ರುಬಿಡಿಯಂ ಹಿಂದಿನ ಮನೆ ಖಾಲಿ.

ಆ ಖಾಲಿ ಮನೆಗೆ ಬರಬೇಕಾದದ್ದು ಹೇಗಿರುತ್ತದೆ ಎಂದು ಆಗ ಕೇಳಿ. ಮೇಲಿನ ಕ್ಲೋರಿನ್ ಹಸಿರು ಹಳದಿ ಅನಿಲ, ಮೈನಸ್ 34 ಡಿಗ್ರಿಯಲ್ಲೇ ಕುದಿದುಹೋಗುವಂಥದ್ದು. ಕೆಳಗಿನ ಅಯೋಡಿನ್ ಕಪ್ಪು ಹರಳು, 114 ಡಿಗ್ರಿಗೆ ಕರಗುತ್ತದೆ, 184ಕ್ಕೆ ಕುದಿಯುತ್ತದೆ. ಕ್ಲೋರಿನ್ ಕರಗುವುದು ಮೈನಸ್ 101ರಲ್ಲಿ. ಸರಾಸರಿ ತೆಗೆದರೆ ನಡುವಿನದು ಸುಮಾರು 6 ಡಿಗ್ರಿಗೆ ಕರಗಿ 75ಕ್ಕೆ ಕುದಿಯಬೇಕು, ತೂಕ 81ರ ಆಸುಪಾಸು ಇರಬೇಕು. ಹಾಗಾದರೆ ನಮ್ಮ ಊರಿನ ಹವೆಯಲ್ಲಿ ಅದು ದ್ರವವಾಗಿರಬೇಕು! ಈಗ ಕಿಸೆಯ ಚೀಟಿ ಹೊರತೆಗೆಯಿರಿ. ತೂಕ 80, ಕರಗುವುದು ಮೈನಸ್ 7ರಲ್ಲಿ, ಕುದಿಯುವುದು 59ರಲ್ಲಿ, ಕೆಂಗಂದು ಬಣ್ಣದ ದ್ರವ. ಸಂಖ್ಯೆಗಳು ಹೆಚ್ಚುಕಡಿಮೆ ಆದವು, ಆದರೂ ಸ್ವಭಾವ ತಪ್ಪಲಿಲ್ಲ. ಅಂದಾಜು ಎಷ್ಟು ದೂರ ನಂಬಿಕೆಗೆ ಯೋಗ್ಯ ಎಂಬ ವಿವೇಕವೂ ಇಲ್ಲೇ ಹುಟ್ಟುತ್ತದೆ. ಬ್ರೋಮಿನ್ ವಿಷಕಾರಿ, ಅದನ್ನು ಶಾಲೆಗೆ ತರುವ ಅಗತ್ಯವೇ ಇಲ್ಲ. ಪ್ರಯೋಗಾಲಯ ಇಲ್ಲದ ಹಳ್ಳಿಯ ಶಾಲೆಯಲ್ಲೂ ಈ ಪಾಠ ಸಾಂಗವಾಗಿ ನಡೆಯುತ್ತದೆ.

ಇಷ್ಟಾದ ಮೇಲೆ ಮೆಂಡಲೀವನ ಕಥೆ ಹೇಳಿದರೆ ಮಕ್ಕಳಿಗೆ ಅದು ತಮ್ಮದೇ ಕಥೆಯಂತೆ ಕೇಳಿಸುತ್ತದೆ. ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಅವನು ಸಂಸ್ಕೃತದ ‘ಏಕ’ ಸೇರಿಸಿ ಏಕ-ಅಲ್ಯೂಮಿನಿಯಂ ಎಂದು ಹೆಸರಿಟ್ಟು, ತೂಕ 68, ಸಾಂದ್ರತೆ 5.9 ಎಂದು ಮುಂಚೆಯೇ ಬರೆದಿಟ್ಟಿದ್ದ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೊದ್ರಾಂ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದ. ನಿಮ್ಮ ಮಾದರಿ ಶುದ್ಧವಾಗಿಲ್ಲ, ಇನ್ನೊಮ್ಮೆ ಅಳೆದು ನೋಡಿ ಎಂಬರ್ಥದ ಮಾತು ರಷ್ಯಾದಿಂದ ಹೋಯಿತು. ಮತ್ತೆ ಅಳೆದಾಗ ಬಂದದ್ದು 5.9. ಆ ಲೋಹವನ್ನು ಕಣ್ಣಿಂದಲೂ ನೋಡಿರದವನ ಮಾತು ನಿಜವಾಗಿತ್ತು. (ಗ್ಯಾಲಿಯಂ 30 ಡಿಗ್ರಿಗೆ ಕರಗುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಅದು ಬಟ್ಟಲಲ್ಲಿಟ್ಟ ಜಾಗದಲ್ಲೇ ನೀರಾಗುವ ಲೋಹ.) 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಕೂಡ ಅವನು ಕಾದಿರಿಸಿದ ಮನೆಗಳಿಗೇ ಬಂದವು.

ಅವನು ಎಡವಿದ್ದನ್ನೂ ಮುಚ್ಚಿಡಬಾರದು. 1894ರಲ್ಲಿ ಆರ್ಗಾನ್ ಸಿಕ್ಕಾಗ ಅದು ಹೊಸ ಧಾತು ಎಂದು ಒಪ್ಪಲು ಮೆಂಡಲೀವ್ ಮೊದಲಿಗೆ ತಯಾರಿರಲಿಲ್ಲ, ಏಕೆಂದರೆ ಅವನ ಕೋಷ್ಟಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೊನೆಗೆ ಒಂದು ಇಡೀ ಕಂಬಸಾಲನ್ನೇ ಹೊಸದಾಗಿ ಸೇರಿಸಬೇಕಾಯಿತು. ಪಕ್ಕಕ್ಕಿಟ್ಟ ಚೀಟಿಗಳನ್ನು ಮಕ್ಕಳ ಕೈಗೆ ಕೊಡಬೇಕಾದದ್ದು ಈಗ. ಟೆಲ್ಲೂರಿಯಂ (127.6) ಮತ್ತು ಅಯೋಡಿನ್ (126.9) ಜೋಡಿಯೂ ಹಾಗೆಯೇ. ತೂಕದ ಪ್ರಕಾರ ಅಯೋಡಿನ್ ಮುಂಚೆ ಬರಬೇಕು, ಗುಣದ ಪ್ರಕಾರ ಆಮೇಲೆ. ಮೆಂಡಲೀವ್ ಗುಣದ ಮಾತು ಕೇಳಿದ, ಟೆಲ್ಲೂರಿಯಂ ತೂಕವನ್ನೇ ತಪ್ಪಾಗಿ ಅಳೆದಿದ್ದಾರೆ ಎಂದ. ಅಳತೆ ಸರಿಯಾಗಿಯೇ ಇತ್ತು. 1913ರಲ್ಲಿ ಇಂಗ್ಲೆಂಡಿನ ಹೆನ್ರಿ ಮೋಸ್ಲೆ ಎಕ್ಸ್-ಕಿರಣಗಳ ಮೂಲಕ ಅಸಲು ಕ್ರಮವನ್ನು ತೋರಿಸಿದ. ಸಾಲು ಕಟ್ಟಬೇಕಾದದ್ದು ತೂಕದಿಂದಲ್ಲ, ಪರಮಾಣು ಬೀಜದಲ್ಲಿರುವ ಧನ ಆವೇಶದ ಎಣಿಕೆಯಿಂದ. ಟೆಲ್ಲೂರಿಯಂ 52, ಅಯೋಡಿನ್ 53. ಎರಡೇ ವರ್ಷಕ್ಕೆ, 27ರ ಹರೆಯದಲ್ಲಿ, ಮೋಸ್ಲೆ ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದ.

ಎಲೆಕ್ಟ್ರಾನ್ ಕವಚಗಳ ವಿವರಣೆ ಬರಬೇಕಾದದ್ದು ಇದಾದ ನಂತರ. 2, 8, 8 ಎಂಬ ಹಂಚಿಕೆಯನ್ನು ಮೊದಲೇ ಹೇಳಿ, ಅದರಿಂದ ಕೋಷ್ಟಕ ಬಂತು ಎನ್ನುವ ರೂಢಿ ನಮ್ಮಲ್ಲಿದೆ. ಹೀಗೆ ಮಾಡಿದರೆ ಮಗುವಿಗೆ ಪ್ರಶ್ನೆ ಏಳುವ ಮೊದಲೇ ಉತ್ತರ ಕೊಟ್ಟಂತಾಗುತ್ತದೆ. ಕ್ರಮವನ್ನು ಕಣ್ಣಾರೆ ಕಂಡು, ಇದು ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡವರಿಗೆ ಹೊರಗಿನ ಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇರುವ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಒಂದೇ ಬಗೆಯಲ್ಲಿ ವರ್ತಿಸುವುದು ಕೂಡಲೇ ತಿಳಿಯುತ್ತದೆ. ಮೊಬೈಲ್ ಬ್ಯಾಟರಿಗೆ ಲಿಥಿಯಂ ಏಕೆ, ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಅದರ ಅದಿರು ಸಿಕ್ಕಿದ್ದು ಏಕೆ ಅಷ್ಟು ದೊಡ್ಡ ಸುದ್ದಿ ಎಂಬುದೂ ಅದೇ ಮನೆಯಿಂದ ಹೊರಡುತ್ತದೆ. ಲೋಹಗಳಲ್ಲೆಲ್ಲ ಹಗುರ, ಎಲೆಕ್ಟ್ರಾನನ್ನು ಬಿಟ್ಟುಕೊಡಲು ಸದಾ ಸಿದ್ಧ.

ಪರೀಕ್ಷೆ ಬದಲಾಗದೆ ಪಾಠ ಬದಲಾಗುವುದಿಲ್ಲ ಎಂದು ಶಿಕ್ಷಕರು ಹೇಳುವುದು ನಿಜ. ಹಾಗಾಗಿ ಒಂದು ಪ್ರಶ್ನೆಯನ್ನು ಮುಂದಿಡುತ್ತೇನೆ. 1950ರ ದಶಕದಲ್ಲಿ ಅಣುಬಾಂಬ್ ಪರೀಕ್ಷೆಗಳಿಂದ ಸ್ಟ್ರಾನ್ಷಿಯಂ-90 ಎಂಬ ವಿಕಿರಣಶೀಲ ವಸ್ತು ಗಾಳಿಗೆ ಸೇರಿ, ಹುಲ್ಲಿಗಿಳಿದು, ಹಸುವಿನ ಹಾಲಿಗೂ ಬಂತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1958ರಿಂದ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಲಕ್ಷಗಟ್ಟಲೆ ಕೂಡಿಸಿ ಪರೀಕ್ಷಿಸಿದಾಗ ಅದು ಹಲ್ಲಿನೊಳಗೆ ಸಿಕ್ಕಿತು. ಕೋಷ್ಟಕವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಕೊಟ್ಟು ಕೇಳಿ: ಸ್ಟ್ರಾನ್ಷಿಯಂ ಹಲ್ಲು ಮೂಳೆಗಳಿಗೇ ಏಕೆ ಹೋಗಿ ಸೇರಿತು? ಅದರ ನೆತ್ತಿಯ ಮೇಲಿನ ಮನೆಯಲ್ಲಿರುವುದು ಕ್ಯಾಲ್ಸಿಯಂ. ಇದನ್ನು ಗಮನಿಸಿ ಎರಡು ಸಾಲು ಬರೆದ ಮಗುವಿಗೆ, ಇಪ್ಪತ್ತು ಹೆಸರು ಬಾರದಿದ್ದರೂ, ಪೂರ್ಣ ಅಂಕ ಕೊಡಿ.