ಚರಂಡಿ ಎಲ್ಲಿಗೆ ಬಂದು ನಿಲ್ಲುತ್ತೆ ನೋಡಿ

ಆಶ್ಲೇಷ ಮಳೆ ಜೋರಾದ ಕೂಡಲೇ ನಮ್ಮ ಮೂಡಿಗೆರೆ, ಕಳಸದ ಕಡೆ ಒಂದೇ ಮಾತು: "ಪ್ರಕೃತಿ ವಿಕೋಪ, ಯಾರೇನು ಮಾಡೋಕಾಗುತ್ತೆ?" 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ, ಚನ್ನಹಡ್ಲು ಕಡೆ ಗುಡ್ಡವೇ ಜಾರಿತು, ಅದನ್ನ ಬೇಕಾದ್ರೆ ಪ್ರಕೃತಿ ಅನ್ನಿ. (ಬದಲಿ ಜಾಗಕ್ಕೆ ಆ ಜನರನ್ನ ವರ್ಷಗಟ್ಟಲೆ ಅಲೆಸಿದ್ದು ಪ್ರಕೃತಿ ಅಲ್ಲ.) ಆದ್ರೆ ಪ್ರತಿ ಮಳೆಗಾಲ ಕಾಲೋನಿಯ ಅಡುಗೆಮನೆಗೆ ಕೆಸರು ನುಗ್ಗೋದಕ್ಕೂ ಪ್ರಕೃತಿಯನ್ನೇ ಬೈದ್ರೆ ನಾನು ಒಪ್ಪಲ್ಲ. ಆ ನೀರಿಗೆ ದಾರಿ ತೋರಿಸಿದವರಿದ್ದಾರೆ.

ಮಲೆನಾಡಲ್ಲಿ ಮನೆ ಎಲ್ಲಿದೆ ಅನ್ನೋದ್ರಲ್ಲೇ ಜಾತಿ ಇದೆ. ಬಂಗಲೆ ದಿಣ್ಣೆ ಮೇಲೆ. ಕೆಳಗೆ ತೋಟ, ಅದರ ಕೆಳಗೆ ರಸ್ತೆ, ಲೈನ್ ಮನೆ. ಕಟ್ಟಕಡೆಗೆ ಹಳ್ಳದ ಅಂಚಿಗೋ ಧರೆಯ ಬುಡಕ್ಕೋ ನಮ್ಮ ಕಾಲೋನಿ. ಒತ್ತುವರಿ ಮಾಡಿದ ಸರ್ಕಾರಿ ಭೂಮಿಯನ್ನ ತೋಟದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ ಕಾನೂನೇ ತಿದ್ದುತ್ತಾರೆ. ನಮಗೆ ನಿವೇಶನ ಅಂದಾಗ ಮಾತ್ರ ಸಮತಟ್ಟು ಜಾಗ ಸಿಗಲ್ಲ!

ಕಾಫಿ ತೋಟಕ್ಕೆ ಇಳಿದವರಿಗೆ ತೊಟ್ಟಿಲು ಗುಂಡಿ ಗೊತ್ತು. ಇಳಿಜಾರಿಗೆ ಅಡ್ಡಲಾಗಿ, ಸಾಲುಗಳ ಮಧ್ಯೆ, ಒಂದರ ಕೆಳಗೆ ಒಂದು ಬರದಂಗೆ ತೆಗೆಯೋ ಉದ್ದನೆಯ ಗುಂಡಿ. ಓಡೋ ನೀರು ಅಲ್ಲಿ ನಿಂತು ಇಂಗುತ್ತೆ, ಮಣ್ಣು ಅಲ್ಲೇ ಉಳಿಯುತ್ತೆ. ಹೂಳು ತುಂಬಿದ್ರೆ ಮತ್ತೆ ತೆಗೀಬೇಕು. ಸಾಹುಕಾರ್ರು ಇದನ್ನ ನಮ್ಮ ಮೇಲಿನ ಕರುಣೆಗೆ ಮಾಡಿಸಿದ್ದಲ್ಲ, ಮೇಲ್ಮಣ್ಣು ಕೊಚ್ಚಿಹೋದ್ರೆ ನಷ್ಟ ಅವರದ್ದೇ. ಅಗೆದವರು ನಮ್ಮ ಅಪ್ಪ ಅಮ್ಮಂದಿರು. ಈಗ ಎಷ್ಟೋ ತೋಟಗಳಲ್ಲಿ ಗುಂಡಿ ಮುಚ್ಚಿಹೋಗಿವೆ. ಕೇಳಿದ್ರೆ ಕೂಲಿ ದುಬಾರಿ ಅಂತಾರೆ. ಹೋಂಸ್ಟೇ ರಸ್ತೆಗೆ ಜೆಸಿಬಿ ತಂದು ಗುಡ್ಡ ಸೀಳೋಕೆ ದುಡ್ಡಿದೆ! ಸೀಳಿದ ಜಾಗದಿಂದ ನೇರ ಒಂದು ಕಾಲುವೆ ಎಳೆದು ರಸ್ತೆಗೆ ಬಿಟ್ರೆ ಅವರ ಕೆಲಸ ಮುಗೀತು. ನಿಧಾನಕ್ಕೆ ಇಳೀಬೇಕಾದ ನೀರು ಒಂದೇ ಏಟಿಗೆ ಇಳಿಯುತ್ತೆ.

ರಸ್ತೆ ಪಕ್ಕದ ಬಾಕ್ಸ್ ಚರಂಡಿ ಆ ನೀರನ್ನ ಹೊತ್ತು ತಂದು ಕಾಲೋನಿ ಬಾಯಿಗೆ ನಿಲ್ಲುತ್ತೆ. ಮುಂದೆ ಹಳ್ಳದವರೆಗೆ ಇಲ್ಲ. ನಾನೂ ಗುಮಾಸ್ತ, ಫೈಲು ನೋಡೇ ಬದುಕೋನು. ನನ್ನ ಕಣ್ಣಿಗೆ ಬಿದ್ದ ಅಂದಾಜು ಪಟ್ಟಿಗಳಲ್ಲಿ ಚರಂಡಿಯ ಉದ್ದ ಇತ್ತು, ಅಗಲ ಇತ್ತು, ಸಿಮೆಂಟ್ ಲೆಕ್ಕ ಇತ್ತು. ನೀರು ಕೊನೆಗೆ ಎಲ್ಲಿ ಸೇರುತ್ತೆ ಅನ್ನೋ ಕಾಲಂ ಇರಲಿಲ್ಲ.

ಕಾಲೋನಿ ಒಳಗಿನದ್ದು ಇನ್ನೊಂದು ಕಥೆ. ಎಸ್‌ಸಿಎಸ್‌ಪಿ ಹಣ ಅಂದ್ರೆ ಕಾಂಕ್ರೀಟ್ ರಸ್ತೆ, ಬೋರ್ಡು, ಫೋಟೋ. ಕೆಲವು ವರ್ಷಕ್ಕೆ ಅದರ ಮೇಲೇ ಮತ್ತೊಂದು ಪದರ. ರಸ್ತೆ ಏರ್ತಾ ಹೋಯ್ತು, ಹೊಸ್ತಿಲು ಕೆಳಗೇ ಉಳೀತು. ನಮ್ಮ ಹೆಸರಿನ ಹಣದಲ್ಲೇ ನಮ್ಮ ಮನೆಗೆ ನೀರು ನುಗ್ಗಿಸೋ ಕಾಲುವೆ ಕಟ್ಟಿಕೊಟ್ಟಿದ್ದಾರೆ.

ಮೋರಿ ಕಟ್ಟಿಕೊಂಡಾಗ ಯಾರಿಗೆ ಕರೆ ಬರುತ್ತೆ? "ನಿಮ್ ಹುಡುಗ್ರನ್ನ ಇಬ್ರು ಕಳ್ಸಿ." ಯಾವ ಹುಡುಗ್ರು ಅಂತ ಯಾರೂ ಬಿಡಿಸಿ ಹೇಳಲ್ಲ, ಕೇಳೋರೂ ಇಲ್ಲ. ಹೆಸರಿಗೆ ಮಳೆನೀರಿನ ಚರಂಡಿ, ಬರೋದು ಮೇಲಿನ ಕಕ್ಕಸು ಗುಂಡಿ ಉಕ್ಕಿದ ನೀರು. ತೆರೆದ ಚರಂಡಿಗೆ ಬಿದ್ದ ಮಲವನ್ನ ಕೈಯಲ್ಲಿ ತೆಗೆಸೋದನ್ನೂ 2013ರ ಕಾಯ್ದೆ ಮಲ ಹೊರುವ ಪದ್ಧತಿಯೊಳಗೇ ಸೇರಿಸಿದೆ. ಚರಂಡಿಗೆ ಬೇರೆ ಹೆಸರಿಟ್ಟ ಮಾತ್ರಕ್ಕೆ ಅದು ಬೇರೆ ಕೆಲಸ ಆಗುತ್ತಾ? ಬರಿಗೈ, ಬರಿಗಾಲು, ಸಂಜೆಗೆ ಒಂದು ಕ್ವಾರ್ಟರ್ ಬಾಟ್ಲಿ. ಇದನ್ನ ಶ್ರಮದಾನ ಅಂತ ಕರೆಯೋರಿಗೆ ನಾಚಿಕೆ ಆಗ್ಬೇಕು.

ನಾವು ಕೇಳ್ತಿರೋದು ಹೆಚ್ಚೇನಲ್ಲ. ಚರಂಡಿ ಹಳ್ಳ ಮುಟ್ಟಲಿ. ತೋಟದ ನೀರು ರಸ್ತೆಗೆ ಬಿಟ್ಟವರಿಗೆ ನೋಟಿಸ್ ಹೋಗಲಿ. ಆರಿದ್ರ ಮಳೆ ಹಿಡಿಯೋ ಮುಂಚೆ ಮೋರಿಗಳ ಹೂಳು ಯಂತ್ರದಲ್ಲಿ ತೆಗೀಲಿ.

ನಿಮ್ಮ ಕಾಲೋನಿ ಚರಂಡಿ ಎಲ್ಲಿ ನಿಂತಿದೆಯೋ ಅಲ್ಲಿ ನಿಂತು ಫೋಟೋ ತೆಗೆದು, ಊರು, ತಾರೀಖು ಬರೆದು ಕಾಮೆಂಟಲ್ಲಿ ಹಾಕಿ. ಅಂದಾಜು ಪಟ್ಟಿಯ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ. ಬರೆಯೋಕೆ ಬರದಿದ್ರೆ ನನಗೆ ಫೋನ್ ಮಾಡಿ, ಬರೆದುಕೊಡ್ತೀನಿ. ಮುಂದಿನ ಗ್ರಾಮಸಭೆಗೆ ಇವೆರಡನ್ನೂ ಕೈಯಲ್ಲಿ ಹಿಡಿದೇ ಹೋಗೋಣ.

ಜೈ ಭೀಮ್.